ಸಾಹೇಬನಿಲ್ಲದ ಮನೆ

ಮಾರ್ಚ್ 4, ಬೆಳಿಗ್ಗೆ
ನೀರು ಕಾಯಿಸಿದೆ. ಟವೆಲ್ ಹಿಂಡಿಕೊಂಡು ಅವನ ಕೋಣೆಯ ಬಾಗಿಲವರೆಗೂ ಹೋದೆ. ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿದೆ — ನಾನೇ ಸುತ್ತಿದ್ದು. ತಮ್ಮ ಹೋಗಿ ಮೂರು ವಾರ. ಕೈಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಬಿಸಿ ಟವೆಲನ್ನು ನನ್ನ ಮುಖಕ್ಕೇ ಒತ್ತಿಕೊಂಡು ಅಲ್ಲೇ ಕೂತೆ, ತಣ್ಣಗಾಗುವವರೆಗೆ.

ಮಾರ್ಚ್ 6
ತಂಗಿಯ ಫೋನು. "ಅಕ್ಕಾ, ಇನ್ನಾದ್ರೂ ನಿನಗೋಸ್ಕರ ಬದುಕು." ಹೂಂ ಅಂದೆ. ಹೇಗೆ ಅಂತ ಕೇಳಬೇಕಿತ್ತು.
ಅಮ್ಮ ತೀರಿಕೊಂಡಾಗ ನನಗೆ ಇಪ್ಪತ್ತಾರು. ತಮ್ಮ ಇನ್ನೂ ಹುಡುಗ, ಕಾಯಿಲೆಗೆ ಕಾಲಿನ ಬಲ ಆಗಲೇ ಹೋಗಿತ್ತು. ಆಮೇಲೆ ಒಂದೊಂದಾಗಿ ಕೈ, ಕುತ್ತಿಗೆ. ನಾಲಿಗೆ ಮಾತ್ರ ಕೊನೆವರೆಗೂ ಚುರುಕು. ಮಂಚದಿಂದಲೇ ಮನೆ ಆಳುತ್ತಿದ್ದ, ಅದಕ್ಕೇ ಸಾಹೇಬ. "ಅಕ್ಕಾ, ಮೂಗು ತುರಿಸ್ತಿದೆ... ನಂದು ಕಣೇ, ನಿಂದಲ್ಲ!"
ಈಗ ನನಗೆ ನಲವತ್ತೇಳು.

ಮಾರ್ಚ್ 19
ಸಾಹೇಬನಿಗೆ ಇಂಜೆಕ್ಷನ್ ಕೊಡುತ್ತಿದ್ದ ನರ್ಸಮ್ಮ ಬಂದಿದ್ದರು. "ಹಿಂದಿನ ಬೀದೀಲಿ ಒಬ್ರು ಮುದುಕರನ್ನ ನೋಡ್ಕೊಳ್ಳೋರು ಬೇಕಂತೆ. ನಿಮ್ಮಷ್ಟು ಅನುಭವ ಯಾರಿಗಿದೆ?"
ಬೇರೇನು ಬರುತ್ತದೆ ನನಗೆ? ಒಪ್ಪಿಕೊಂಡೆ.

ಮಾರ್ಚ್ 22, ಮಧ್ಯಾಹ್ನ
ಹೋದೆ. ಓಡಿ ಬಂದೆ.
ರಿಟೈರ್ಡ್ ಡ್ರೈವರ್ ಅವರು. ಒಳ್ಳೆಯವರು. ಬೆನ್ನ ಹಿಂದೆ ಕೈಹಾಕಿ ಎಬ್ಬಿಸಿದೆ. ತಲೆ ನನ್ನ ಭುಜಕ್ಕೆ ಒರಗಿತು — ಅದೇ ಜಾಗ, ಅದೇ ಭಾರ. "ಯಾಕಮ್ಮ ಕೈ ಸಡಿಲಬಿಟ್ಟೆ? ಬೀಳಿಸಿಬಿಟ್ಟೀಯ!" ದಿಂಬಿಗೆ ಒರಗಿಸಿ, ಹೊದಿಕೆ ಸರಿಮಾಡಿ, ಅವರ ಸೊಸೆಗೆ ಹೇಳಿದೆ — "ನನ್ನ ಕೈಲಾಗಲ್ಲ, ತಪ್ಪು ತಿಳ್ಕೋಬೇಡಿ." ಚಪ್ಪಲಿ ಕೈಯಲ್ಲೇ ಇದೆ ಅಂತ ಗೊತ್ತಾದದ್ದು ಬೀದಿಗೆ ಬಂದ ಮೇಲೆ.
ಆ ಭುಜ ಇನ್ನೊಬ್ಬರಿಗೆ ಕೊಡಲಾರೆ. ಸ್ವಾರ್ಥ ಅನ್ನುತ್ತಾರೋ ಏನೋ. ಅನ್ನಲಿ.

ಏಪ್ರಿಲ್ 15
ಇಷ್ಟು ದಿನ ಬರೆಯುವಂಥದ್ದೇನೂ ಆಗಲಿಲ್ಲ. ಮಲಗಿದ್ದೆ.
ನಿನ್ನೆ ತಂಗಿ ಬಂದು ಕಿಟಕಿ ತೆಗೆದಳು. ಬೈದಳು. ಆಮೇಲೆ ಅತ್ತಳು. ಆಮೇಲೆ ಇಬ್ಬರೂ ಸೇರಿ ಅವನ ಮಂಚ ಬಿಚ್ಚಿದೆವು. ಒಂದು ನಟ್ಟು ಏನು ಮಾಡಿದರೂ ಜಗ್ಗಲಿಲ್ಲ. "ಸಾಹೇಬ ಹಿಡ್ಕೊಂಡಿದಾನೆ ಕಣೇ," ಅಂದಳು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕದ್ದಕ್ಕೆ ಮತ್ತೆ ಅಳು.

ಮೇ 8
ಕರ್ಟನ್ ಹೊಲಿಯುವ ಅಂಗಡಿಯಲ್ಲಿ ಕೆಲಸ. ಅಮ್ಮ ಇದ್ದಾಗ ಕಲಿತ ಹೊಲಿಗೆ, ಪೂರ್ತಿ ಮರೆತಿಲ್ಲ. ಮಷಿನ್ ಗಲಾಟೆಯಲ್ಲಿ ಯೋಚನೆ ಕೇಳಿಸುವುದಿಲ್ಲ, ಸದ್ಯ.
ಊಟಕ್ಕೆ ಕೂತರೆ ಗಬಗಬ ತಿಂದು ಎದ್ದುಬಿಡುತ್ತೇನೆ. ಪಕ್ಕದ ಮಷಿನಿನವಳು ತೋಳು ಹಿಡಿದು ಕೂರಿಸಿದಳು. "ಯಾರೂ ಕಿತ್ಕೊಳ್ಳಲ್ಲ ಕಣ್ರೀ, ನಿಧಾನ." ಇಷ್ಟು ವರ್ಷ ಅವನಿಗೆ ತಿನ್ನಿಸಿ, ಅವನು ಕರೆಯುವುದರೊಳಗೆ ನಿಂತೇ ನುಂಗಿದವಳು ನಾನು. ನಿಧಾನವಾಗಿ ಅಗಿದೆ.

ಮೇ 20, ರಾತ್ರಿ
ದೊಡ್ಡ ಆರ್ಡರ್ ಬಂದಿದೆ. ಓನರ್ ಕೇಳಿದರು, "ಇವತ್ತು ಸ್ವಲ್ಪ ಲೇಟಾಗುತ್ತೆ. ಮನೇಲಿ ಯಾರಾದ್ರೂ ಕಾಯ್ತಿರ್ತಾರಾ?"
ಬಾಯಿಗೆ ಬಂದೇಬಿಟ್ಟಿತ್ತು — ತಮ್ಮ ಇದಾನೆ, ಮಗ್ಗುಲು ಬದಲಿಸ್ಬೇಕು, ಹೊತ್ತಿಗೆ ಸರಿಯಾಗಿ ಹೋಗ್ಬೇಕು ಅಂತ.
"ಇಲ್ಲ ಸಾರ್. ಯಾರೂ ಇಲ್ಲ."
ಈ ಮಾತು ಮೊದಲ ಸಲ ಬಾಯಿಬಿಟ್ಟು ಆಡಿದ್ದು. ಸೂಜಿಯ ಕಣ್ಣು ಕಾಣದೆ ಹೋಯಿತು. ಪಕ್ಕದವಳು ದಾರ ಪೋಣಿಸಿಕೊಟ್ಟಳು. ಹೊಲಿದೆ. ಎಲ್ಲ ನೆಟ್ಟಗೇ ಬಂತು.
ಈಗಷ್ಟೇ ಮನೆಗೆ ಬಂದೆ. ಬೀಗ ತೆಗೆದು, ಚಪ್ಪಲಿ ಬಿಡುತ್ತಾ, ಒಳಕ್ಕೆ ಕೂಗಿ ಹೇಳಿದೆ — "ಬಂದೆ ಕಣೋ, ತಡ ಆಯ್ತು."