ದುಪ್ಪಟ್ಟು ಮಾರಾಟವಾದ ಕವಿತೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಊರಿಗೆಲ್ಲ ಮುಲಾಮು ಕೊಡುವವನು ತನ್ನ ಬೆನ್ನಿಗೆ ಹಚ್ಚಿಕೊಳ್ಳುವುದಿಲ್ಲವೆಂದು ಅಮ್ಮ ಗೊಣಗುತ್ತಿರುತ್ತಾಳೆ. ಅವಳು ಚೆನ್ನಾಗಿದ್ದಾಳೆ. ನನಗೆ ಮಾತ್ರ ನಿನ್ನ ಪತ್ರ ಓದಿದಾಗಿನಿಂದ ತಲೆ ಕೆಟ್ಟುಹೋಗಿದೆ.

ಕವನ ಸಂಕಲನಗಳ ಮಾರಾಟ ದುಪ್ಪಟ್ಟಾಗಿದೆಯೆಂದು ಪತ್ರಿಕೆಯಲ್ಲಿ ಸಮೀಕ್ಷೆ ಬಂತಂತೆ, ಅದನ್ನು ನಂಬಿ ನೀನು ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಪದ್ಯ ಬರೆದೇ ಬದುಕುತ್ತೀಯಂತೆ. ಪುಣ್ಯಾತ್ಮ, ಆ ಸಮೀಕ್ಷೆಗೆ ಫೋನ್ ಮಾಡಿದವಳು ನಾನು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಫ್ಯಾನಿನ ಗಾಳಿ ಬಾರದ ಮೂಲೆಯಲ್ಲಿ ಕೂತು, ಒಂದೇ ಪ್ರಶ್ನೆಯನ್ನು ಗಿಣಿಯ ಹಾಗೆ ಕೇಳಿದವಳು ನಾನು. ಪ್ರಕಾಶಕರು ಅಂಗಡಿಗೆ ಕಳಿಸಿದ್ದನ್ನೆಲ್ಲ ಮಾರಾಟ ಎಂದರು. ಅಂಗಡಿಯವರು ಕಟ್ಟು ಬಿಚ್ಚದೆ ಪ್ರಕಾಶಕರಿಗೇ ವಾಪಸು ಕಳಿಸಿದ್ದನ್ನೂ ಸೇರಿಸಿ "ಎಲ್ಲಾ ಖಾಲಿ ಆಯ್ತಮ್ಮ" ಎಂದರು. ಕವಿಗಳು ಆ ವಾಪಸು ಬಂದ ಕಟ್ಟನ್ನೇ ಒಯ್ದು ನೆಂಟರಿಷ್ಟರಿಗೆ ಪುಕ್ಕಟೆ ಹಂಚಿದ್ದನ್ನೂ ಮಾರಾಟವೆನ್ನದೆ ಬಿಡಲಿಲ್ಲ. ಹೀಗೆ ಒಂದೇ ಕಟ್ಟು ಮೂರು ಕಡೆ ಲೆಕ್ಕಕ್ಕೆ ಬಂತು. ಹೋದ ವರ್ಷ ಪ್ರಕಾಶಕರನ್ನು ಮಾತ್ರ ಕೇಳಿದ್ದೆವು, ಈ ವರ್ಷ ಎಲ್ಲರನ್ನೂ ಕೇಳಿದೆವು. ದುಪ್ಪಟ್ಟಾಗದೆ ಇನ್ನೇನಾಗುತ್ತದೆ?

ಮೇಲಿನವರಿಗೆ ಇದನ್ನು ಹೇಳಿದೆ. "ನೀವು ಕಾಲಂ ತುಂಬಿಸಿ ಸಾಕು, ಯೋಚನೆ ಮಾಡೋಕೆ ಬೇರೆಯವರಿದ್ದಾರೆ" ಎಂದರು. ಆ ಬೇರೆಯವರು ಯಾರೋ, ಎಲ್ಲಿದ್ದಾರೋ, ನಾನಂತೂ ಕಂಡಿಲ್ಲ. ಒಬ್ಬ ಪ್ರಕಾಶಕರಂತೂ "ನೀವೇ ಒಂದು ಒಳ್ಳೆ ನಂಬರ್ ಹಾಕ್ಕೊಳ್ಳಿ" ಎಂದು ಫೋನಿಟ್ಟರು. ಅಂಥ ನಂಬರನ್ನು ನಂಬಿ ನೀನು ಇದ್ದ ಕೆಲಸಕ್ಕೆ ಎಳ್ಳುನೀರು ಬಿಡಲು ಹೊರಟಿದ್ದೀಯ. ನನಗೆ ಸಿಟ್ಟೂ ಬರುತ್ತದೆ, ಭಯವೂ ಆಗುತ್ತದೆ. ರಾಜೀನಾಮೆ ಕೊಡಬೇಡ. ಕೊಟ್ಟಿದ್ದರೆ ಈ ಪತ್ರ ತಲುಪಿದ ದಿನವೇ ಹೋಗಿ ವಾಪಸು ತೆಗೆದುಕೋ.

ಅಮ್ಮನ ಆಶೀರ್ವಾದ ಇದ್ದೇ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮುಲಾಮು ಹಚ್ಚಿಕೋ.

ನಿನ್ನ ಮೇಲೆ ಇನ್ನೂ ಸಿಟ್ಟಿರುವ,
ಅಕ್ಕ

ಬರೆಯಲು ಮರೆತೆ: ನಮ್ಮ ಪಟ್ಟಿಯಲ್ಲಿ ನಿನ್ನ ಪುಸ್ತಕವೂ ಇತ್ತು. ಒಬ್ಬ ಅಂಗಡಿಯಾಕೆ ಮಾತ್ರ ಅದರ ವಿಷಯ ನಿಜ ಹೇಳಿದಳು. ಅವಳಲ್ಲಿಗೆ ಒಂದೇ ಪ್ರತಿ ಬಂದಿತ್ತಂತೆ. "ಅದನ್ನ ಮಾರಲಿಲ್ಲಮ್ಮ, ನಾನೇ ಇಟ್ಕೊಂಡೆ. ಅಪ್ಪನ ಕನ್ನಡಕ ಒರೆಸೋ ಪದ್ಯ ಇದೆಯಲ್ಲ, ದಿನಾ ಬಾಗಿಲು ತೆಗೆಯೋ ಮುಂಚೆ ಅದನ್ನೊಂದು ಓದ್ಕೋತೀನಿ" ಎಂದಳು. ನಾನೇ ಆ ಕವಿಯ ಅಕ್ಕ ಎಂದು ಹೇಳಬೇಕೆನಿಸಿತು, ಥ್ಯಾಂಕ್ಸ್ ಎಂದಷ್ಟೇ ಹೇಳಿ ಫೋನಿಟ್ಟೆ. ಮಾರಾಟವಾಗದಿದ್ದರೆ ಸೊನ್ನೆ ಬರೆಯಬೇಕೆಂದು ನಿಯಮ. ಬರೆದೆ. ಆ ಸೊನ್ನೆಯನ್ನೂ ನೀನು ನಂಬಬೇಡ.