ನಾಲ್ಕು ಗಂಟೆ ಅಕ್ಕನಿಗೆ ಒಂದು ಪತ್ರ

ಜೂನ್ 3, ಸೋಮವಾರ

ಮತ್ತೆ ಆರೂವರೆ. ಬಾಗಿಲು ತೆಗೆದಾಗ ಅಕ್ಕ ಆಗಲೇ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಗುಬ್ಬಿಯ ಹೋಂವರ್ಕ್ ಮುಗಿದಿದೆ, ನಾಳೆಯ ಬ್ಯಾಗ್ ಜೋಡಿಸಿದೆ, ಡಬ್ಬಿ ತೊಳೆದು ಬೋರಲು ಹಾಕಿದೆ. ಏಳು ವರ್ಷದ ಮಗಳನ್ನು ಸ್ಕೂಲಿನಿಂದ ಕರೆತಂದು ನಾನು ಬರುವವರೆಗೆ ನೋಡಿಕೊಳ್ಳುವುದು ಅಕ್ಕನ ಕೆಲಸ. ನಾಲ್ಕರಿಂದ ಆರು ಎಂದು ಮಾತು. ಆರು ಎಂದರೆ ನನ್ನ ಅನುಕೂಲದ ಆರು.

ಹೊರಡುವಾಗ ಹೊಸ್ತಿಲಲ್ಲಿ ನಿಂತಳು.

"ಮೇಡಂ, ಎರಡು ವರ್ಷ ಆಯ್ತು. ಸಂಬಳ ಸ್ವಲ್ಪ ನೋಡಿ. ಹನ್ನೊಂದು ವರ್ಷದಿಂದ ಬರೀ ಮಕ್ಕಳನ್ನೇ ನೋಡ್ಕೊಂಡಿದ್ದೀನಿ."

"ಹಿಂದಿನ ಮನೆಯವರು ಏನಾದ್ರೂ ಬರೆದುಕೊಟ್ಟಿದ್ದಾರಾ?"

"ಮನೆಗಳಲ್ಲಿ ಯಾರು ಬರೆದುಕೊಡ್ತಾರೆ ಮೇಡಂ?" ನಕ್ಕಳು.

ಸೇರಿಸಿಕೊಂಡಾಗಲೂ ಇದನ್ನೇ ಕೇಳಿದ್ದೆ. ಕಾಗದ ಇಲ್ಲವೆಂದು ಹೊಸಬರ ಸಂಬಳ ಹೇಳಿದ್ದೆ. ಒಪ್ಪಿಕೊಂಡಿದ್ದಳು. ಆಫೀಸಿನ ಚಾಳಿ ಮನೆಗೂ ಬಂತು. ಅಲ್ಲಿ ಎಚ್‌ಆರ್ ಸೆಕ್ಷನ್ನಿನಲ್ಲಿ ಕೂತು, ಕೆಲಸ ಬಿಟ್ಟು ಹೋಗುವವರಿಗೆ ಅನುಭವ ಪತ್ರ ಪ್ರಿಂಟ್ ಮಾಡಿ ಕೊಡುವುದೇ ನನ್ನ ಹೊಟ್ಟೆಪಾಡು.

ಯೋಚನೆ ಮಾಡ್ತೀನಿ ಎಂದೆ. ಮಾಡಲಿಲ್ಲ.

ಜೂನ್ 7

ಕಿವಿ ಡಾಕ್ಟರ್ ಹತ್ತಿರ ಹೋಗಿ ಬಂದೆವು. ಗುಬ್ಬಿಯ ಬಲಗಿವಿಯೊಳಗೆ ನೀರು ತುಂಬಿದೆಯಂತೆ. ಔಷಧಿಯಲ್ಲೇ ಹೋಗುತ್ತದೆ.

"ಇನ್ನೂ ಆರು ತಿಂಗಳು ಬಿಟ್ಟಿದ್ರೆ ಕಷ್ಟ ಇತ್ತು. ಯಾರು ಗಮನಿಸಿದ್ದು?"

ಅಕ್ಕ. ಮೂರು ವಾರದಿಂದ ಹೇಳುತ್ತಲೇ ಇದ್ದಳು — "ಕರೆದ್ರೆ ಎಡಗಿವಿ ಮುಂದೆ ಮಾಡ್ತಾಳೆ ಮೇಡಂ. ಹಿಂದಿನ ಮನೆ ಮಗೂಗೂ ಹೀಗೇ ಇತ್ತು." ಮಕ್ಕಳೆಲ್ಲ ಹೀಗೇ ಎಂದು ತಳ್ಳಿಹಾಕಿದ್ದೆ.

"ನಾನೇ" ಎಂದೆ ಡಾಕ್ಟರಿಗೆ.

"ತಾಯಿ ಅಂದ್ರೆ ಹೀಗಿರಬೇಕು."

ಗುಬ್ಬಿ ನನ್ನ ಮುಖವನ್ನೇ ನೋಡಿದಳು. ಅದು ಮಾತ್ರ ಚೆನ್ನಾಗಿ ಕೇಳಿಸಿತ್ತು ಅವಳಿಗೆ. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಜೂನ್ 12

ಅಕ್ಕ ಪತ್ರ ಕೇಳಿದಳು. ಸ್ಕೂಲಿನ ಹಿಂದಿನ ಬೀದಿಯಲ್ಲಿ ಮಕ್ಕಳ ಕೇಂದ್ರ ತೆರೆಯುತ್ತಿದ್ದಾರಂತೆ, ಸ್ಕೂಲು ಬಿಟ್ಟ ಮೇಲೆ ನೋಡಿಕೊಳ್ಳುವುದಕ್ಕೆ. ಅಲ್ಲಿ ಅನುಭವ ನೋಡಿ ಸಂಬಳ. ಐದು ವರ್ಷ ದಾಟಿದ್ದರೆ ಹೊಸಬರ ಒಂದೂವರೆಪಟ್ಟು. ಬಾಯಿಮಾತು ನಡೆಯುವುದಿಲ್ಲ, ಕಾಗದ ಬೇಕು. ಹಿಂದಿನ ಎರಡೂ ಮನೆಗಳನ್ನು ಹುಡುಕಿಕೊಂಡು ಹೋಗಿದ್ದಾಳೆ. ಒಬ್ಬರು ಊರೇ ಬಿಟ್ಟಿದ್ದಾರೆ. ಅಲ್ಲಿನ ಐದು ವರ್ಷ ಹಾಗೇ ಹೋಯಿತು. ಇನ್ನೊಬ್ಬರು ನಾಲ್ಕು ವರ್ಷಕ್ಕೆ ಬರೆದುಕೊಟ್ಟರು. ನನ್ನ ಎರಡು ಸೇರಿದರೆ ಆರು.

"ಮೂವತ್ತನೇ ತಾರೀಖಿನೊಳಗೆ ಕೊಡ್ಬೇಕಂತೆ ಮೇಡಂ."

"ಅದಕ್ಕೇನಂತೆ, ನಾಳೆನೇ ಕೊಡ್ತೀನಿ."

ಜೂನ್ 13

ಬರೆಯಲಿಲ್ಲ. ಆಫೀಸಿನಲ್ಲಿ ಅಂಥವೇ ನಾಲ್ಕು ಪತ್ರ ಪ್ರಿಂಟ್ ಮಾಡಿದೆ. ಒಂದು, ಹನ್ನೊಂದು ತಿಂಗಳು ಕುರ್ಚಿ ಬಿಸಿ ಮಾಡಿ ಹೋದವನಿಗೆ. "ಅಪಾರ ಶ್ರದ್ಧೆಯಿಂದ..." ಅವನ ಮುಖವೂ ನೆನಪಿಲ್ಲ.

ಜೂನ್ 21

"ಮೇಡಂ, ಅದು..." ಎಂದಳು.

"ಪ್ರಿಂಟರ್ ಕೆಟ್ಟಿದೆ ಅಕ್ಕ."

ಸುಳ್ಳು ಸಲೀಸಾಗಿ ಬಂತು.

ಗಂಡನಿಗೆ ಹೇಳಿದೆ. ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಕೊಟ್ರೆ ಹೋಗಿಬಿಡ್ತಾಳೆ. ಕೊಡ್ಬೇಡ ಅಂತಿಲ್ಲ. ನಿನ್ನ ಆಫೀಸಿನ ಆಡಿಟ್ ಮುಗೀಲಿ."

ಅವರ ತಲೆಗೆ ಕಟ್ಟುವುದು ಬೇಡ. ನನ್ನ ಮನಸ್ಸಿನಲ್ಲಿದ್ದುದನ್ನೇ ಅವರು ಬಾಯಿಬಿಟ್ಟು ಹೇಳಿದರು, ಅಷ್ಟೇ.

ಜುಲೈ 2

ಆಡಿಟ್ ಮುಗಿಯಿತು. ಮೂವತ್ತನೇ ತಾರೀಖೂ ಕಳೆಯಿತು.

ಅಕ್ಕ ಹದಿನೈದರಿಂದ ಬರುವುದಿಲ್ಲವಂತೆ. ಕೇಂದ್ರದವರು ತೆಗೆದುಕೊಂಡಿದ್ದಾರೆ. ಹೊಸಬರ ಲೆಕ್ಕದಲ್ಲಿ. ಕೈಯಲ್ಲಿದ್ದುದು ನಾಲ್ಕೇ ವರ್ಷದ ಕಾಗದ, ಐದು ತುಂಬಲಿಲ್ಲ.

"ಹಾಗಾದ್ರೆ ಇಲ್ಲಿಗಿಂತ ಹೆಚ್ಚೇನೂ ಸಿಗಲ್ವಲ್ಲ ಅಕ್ಕ?"

"ಇಲ್ಲ ಮೇಡಂ. ಆದ್ರೆ ಅಲ್ಲಿ ವರ್ಷಕ್ಕೊಂದು ಕಾಗದ ಕೊಡ್ತಾರಂತೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಜುಲೈ 16

ಏಜೆನ್ಸಿಯಿಂದ ಹೊಸಬಳು. ಅನುಭವ ಏಳು ತಿಂಗಳು, ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ನೀಟಾಗಿದೆ. ಸಂಬಳ, ಅಕ್ಕನಿಗೆ ಕೊಡುತ್ತಿದ್ದುದರ ಒಂದೂವರೆಪಟ್ಟು. ತುಟಿಪಿಟಕ್ಕೆನ್ನದೆ ಒಪ್ಪಿಕೊಂಡೆ. ಆರು ಹೊಡೆದರೆ ಹೊರಟುಬಿಡುತ್ತಾಳೆ. ತಪ್ಪೇನಿಲ್ಲ, ಮಾತಿದ್ದುದೇ ಅಷ್ಟು. ಈಗ ನಾನೇ ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತೇನೆ. ಬರಲಿಕ್ಕೆ ಆಗುತ್ತದೆ ಎಂದಾಯಿತು. ಎರಡು ವರ್ಷ ಏಕೆ ಆಗಲಿಲ್ಲ?

ಜುಲೈ 29

ಗುಬ್ಬಿ ಶೂ ಬಿಚ್ಚದೆ ಸೋಫಾದ ಹಿಂದೆ ಕೂತಿದ್ದಳು. ಎಷ್ಟು ಕೇಳಿದರೂ ಬಾಯಿಬಿಡಲಿಲ್ಲ.

"ಬಂದಾಗಿಂದ ಹೀಗೇ" ಎಂದಳು ಹೊಸಬಳು. ಪಾಪ, ಅವಳಿಗೇನು ಗೊತ್ತು.

ಅಕ್ಕ ಒಮ್ಮೆ ಹೇಳಿದ್ದಳು — "ಶೂ ಎಸೆದ್ರೆ ಟೀಚರ್ ಬೈದಿದ್ದಾರೆ ಅಂತ ಮೇಡಂ. ಬಿಚ್ಚದೇ ಕೂತ್ರೆ..." ಬಿಚ್ಚದೇ ಕೂತರೆ ಏನು? ನೆನಪಿಗೇ ಬರುತ್ತಿಲ್ಲ. ಆಗ ನಾನು ಫೋನ್ ನೋಡುತ್ತಿದ್ದೆ.

ಆಗಸ್ಟ್ 4, ಭಾನುವಾರ, ಬೆಳಿಗ್ಗೆ 11

ನಿನ್ನೆ ಕೇಂದ್ರಕ್ಕೆ ಫೋನ್ ಮಾಡಿದೆ. ಯಾರ ವಿಷಯ ಎಂದು ಹೇಳದೆ ನಿಯಮವನ್ನಷ್ಟೇ ಕೇಳಿದೆ. ಈ ವರ್ಷ ಆಗುವುದಿಲ್ಲ, ಪತ್ರ ಬಂದರೆ ಮುಂದಿನ ವರ್ಷ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದರು.

ಬರೆಯಲು ಕೂತೆ. ಕೆಲಸಕ್ಕೆ ಸೇರಿದ ತಾರೀಖು ಗೊತ್ತು. ಕಿವಿಯ ವಿಷಯವನ್ನೂ ಬರೆಯಬೇಕು, ಗಮನಿಸಿದ್ದು ಅವರೇ ಎಂದು. "ಈ ಮೂಲಕ ದೃಢೀಕರಿಸುವುದೇನೆಂದರೆ, ಶ್ರೀಮತಿ..." ಪೆನ್ನು ಅಲ್ಲೇ ನಿಂತಿತು.

ಫೋನಿನಲ್ಲಿ 'ನಾಲ್ಕು ಗಂಟೆ ಅಕ್ಕ' ಎಂದಿದೆ. ಸಂಬಳ ಕೈಗೇ ಕೊಡುತ್ತಿದ್ದೆ. ಸ್ಕೂಲಿನ ಗೇಟ್ ಪಾಸು ನನ್ನ ಹೆಸರಿನಲ್ಲಿತ್ತು. ಗಂಡನನ್ನು ಕೇಳಿದೆ. "ಅಕ್ಕ... ಅಲ್ವಾ?" ಎಂದರು.

ಗುಬ್ಬಿಗೆ ಗೊತ್ತಿದೆ. "ಹೇಳಲ್ಲ. ನೀನೇ ಕೇಳು" ಎಂದು ಎದ್ದುಹೋದಳು.

ಫೋನ್ ಪಕ್ಕದಲ್ಲೇ ಇದೆ. ಎರಡು ವರ್ಷ ನನ್ನ ಮಗುವನ್ನು ನೋಡಿಕೊಂಡವರಿಗೆ ಏನಂತ ಕೇಳಲಿ... ಅಕ್ಕ, ನಿಮ್ಮ —