ನಿಮಿಷಕ್ಕೆ ಹತ್ತೊಂಬತ್ತು ಮಿಣುಕು

ಪೆನ್ನಾಗರಂ
12 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಅಪ್ಪಾ,

ಕೆಮ್ಮು ಹೇಗಿದೆ? ಈಗಲಾದರೂ ಒರಗಿ ಮಲಗುತ್ತೀಯೋ, ಇಲ್ಲ ಕೂತೇ ಬೆಳಗು ಮಾಡುತ್ತೀಯೋ? ಆಸ್ಪತ್ರೆಯ ಇಡ್ಲಿ ಬೇಡ, ಮುದ್ದೆ ಬೇಕು ಎಂದು ನರ್ಸಮ್ಮನ ಹತ್ತಿರ ಜಗಳ ಮಾಡಬೇಡ. ಫೋನಿನಲ್ಲಿ ಎರಡು ಮಾತಿಗೆ ನಿನ್ನ ಉಸಿರು ಮುಗಿಯುತ್ತದೆ, ಮೂರನೆಯದಕ್ಕೆ ನನ್ನ ಮೇಲೆ ರೇಗುತ್ತೀಯ. ಅದಕ್ಕೇ ಈ ಕಾಗದ. ತಮಿಳು ಸ್ಕೂಲಿಗೆ ಹೋಗುತ್ತಿದ್ದ ನನಗೆ ಕನ್ನಡ ಅಕ್ಷರ ತಿದ್ದಿಸಿದವನು ನೀನು. ತಪ್ಪುಗಳಿದ್ದರೆ ಅವೂ ನಿನ್ನವೇ.

ಡಾಕ್ಟರಮ್ಮ ಮನೆಗೆ ಹೋಗಬಹುದು ಎಂದು ಹೇಳಿ ಎರಡು ವಾರವಾಯಿತು. ಆಕ್ಸಿಜನ್ ಮಿಷಿನ್ ಮನೆಗೆ ಬಂದಿದೆ. ನೀನು ಮಾತ್ರ ಹಟ ಹಿಡಿದಿದ್ದೀಯ. "ಆ ಮಿಷಿನ್ನು ಮನೆ ಕರೆಂಟೆಲ್ಲ ನುಂಗ್‌ಬುಡ್ತೈತೆ. ಕರೆಂಟ್ ನಿಂತ್ರೆ ನನ್ನೂ ನುಂಗ್ತೈತೆ. ನಾನಿಲ್ಲೇ ಇರ್ತೀನಿ ಬುಡು" ಅಂದೆ. ಬಿಡುವುದಿಲ್ಲ. ಆ ಮಿಷಿನ್ ಯಾರೂ ದಾನ ಕೊಟ್ಟದ್ದಲ್ಲ. ಇಪ್ಪತ್ತೆರಡು ವರ್ಷ ನೀನು ಕಲ್ಲು ಪಾಲಿಷ್ ಮಾಡಿದೆ. ಕಲ್ಲಿನ ಹೊಳಪು ಮಾಲೀಕನಿಗೆ ಹೋಯಿತು, ಪುಡಿ ನಿನ್ನ ಎದೆಗೆ ಬಂತು. ಹನ್ನೊಂದು ದಿನ ಅವನ ಗೇಟಿನ ಮುಂದೆ ನಮ್ಮ ಕಾರ್ಮಿಕರ ಸಂಘ ಕೂತು ಆ ಮಿಷಿನ್ನನ್ನೂ ಇನ್ವರ್ಟರನ್ನೂ ಕಕ್ಕಿಸಿತು. ಇನ್ನು ಕರೆಂಟಿನ ಲೆಕ್ಕವೊಂದೇ ಬಾಕಿಯಿತ್ತು. ಅದನ್ನೂ ಮಾಡಿದೆವು, ಕೇಳು.

ಇನ್ವರ್ಟರ್ ಅಂಗಡಿಯವನು ಒಂದು ಅಚ್ಚಾದ ಪಟ್ಟಿ ಕೊಟ್ಟ. ಸರಾಸರಿ ಮನೆ: ಫ್ಯಾನು ಎಂಟು ಗಂಟೆ, ಟಿ.ವಿ. ಐದು ಗಂಟೆ, ಗ್ರೈಂಡರ್ ಅರ್ಧ ಗಂಟೆ. ಆ ಸರಾಸರಿ ಮನೆಯಲ್ಲಿ ಉಸಿರಾಡುವವರು ಯಾರೂ ಇಲ್ಲ, ಅಪ್ಪಾ. ಪಟ್ಟಿಯನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದೆ. ಲೈನ್‌ಮನ್ ಧನಪಾಲ್ ಅಣ್ಣ ಬೇರೆ ದಾರಿ ತೋರಿಸಿದ. ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಲ್ಲ, ಅದು ಮೂರು ಸಾವಿರದ ಇನ್ನೂರು ಸಲ ಮಿಣುಕಿದರೆ ಒಂದು ಯೂನಿಟ್. ಎಲ್ಲ ಆಫ್ ಮಾಡಿ, ಒಂದೊಂದನ್ನೇ ಹಾಕಿ, ನಿಮಿಷಕ್ಕೆ ಎಷ್ಟು ಮಿಣುಕು ಎಂದು ಎಣಿಸಬೇಕು. ಗಡಿಯಾರ ಹಿಡಿದದ್ದು ಅತ್ತಿಗೆ ರೋಜಾ. ಎಣಿಸಿದ್ದು ಅವ್ವ, ದೊಡ್ಡಿಯ ಬಾಗಿಲಲ್ಲಿ ಕುರಿ ಎಣಿಸುವ ಹಾಗೆಯೇ ಐದಕ್ಕೊಂದು ಕಲ್ಲು ಮಡಿಲಿಗೆ ಹಾಕಿಕೊಂಡು. ಫ್ಯಾನಿಗೆ ನಾಲ್ಕು ಮಿಣುಕು. ರೋಜಾಳ ಹೊಲಿಗೆ ಮಿಷಿನ್‌ಗೆ ಐದು. ಗ್ರೈಂಡರಿಗೆ ಎಂಟು. ನಿನ್ನ ಮಿಷಿನ್‌ಗೆ ಮೂರು ಕಲ್ಲು, ಮೇಲೆ ನಾಲ್ಕು: ಹತ್ತೊಂಬತ್ತು.

ಆದರೆ ಈ ಎಣಿಕೆಗೂ ಮುಂಚೆ, ಎಲ್ಲವನ್ನೂ ಆಫ್ ಮಾಡಿದಾಗಲೂ ನಿಮಿಷಕ್ಕೆ ಮೂರು ಮಿಣುಕು ನಿಲ್ಲಲಿಲ್ಲ. "ಯಾರಲಾ ಕದ್ದು ತಿಂತಿರೋದು" ಎಂದು ರೋಜಾ ಗೋಡೆ ಗೋಡೆ ತಡಕಿದಳು. ಅವ್ವ ಸೆರಗು ಕೊಡವಿ ಎದ್ದಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನರಿ ಬರದಿರಲಿ ಎಂದು ನೀನು ಹಳೆಯ ಕುರಿದೊಡ್ಡಿಗೆ ಸ್ವಿಚ್ಚಿಲ್ಲದೆ ವೈರು ಎಳೆದಿದ್ದೆ, ನೆನಪಿದೆಯಾ? ದೊಡ್ಡಿ ಖಾಲಿಯಾಗಿ ಆರು ವರ್ಷ. ಅರವತ್ತರ ಬಲ್ಬು ಹಗಲೂ ರಾತ್ರಿ ಉರಿಯುತ್ತಿದೆ. ಸುಟ್ಟುಹೋದಾಗಲೆಲ್ಲ ಹೊಸದು ಹಾಕಿದವಳು ಅವ್ವ. ಯಾಕೆ ಎಂದರೆ, "ನಿಮ್ಮಪ್ಪ ಆಕಿದ್ದು. ನಾನ್ಯಾಕ್ ಕೀಳ್ಲಿ?" ಅಂದಳು. ನಾನು ಬೈಯಲಿಲ್ಲ. ಅವಳೇ ಸೆರಗು ಸುತ್ತಿ ಬಲ್ಬು ಬಿಚ್ಚಿದಳು. ಮೀಟರು ಸುಮ್ಮನಾಯಿತು.

ಈಗ ಮುಖ್ಯ ವಿಷಯ. ಎರಡು ಬ್ಯಾಟರಿ ತುಂಬಿದ್ದರೆ ಹೆಚ್ಚುಕಡಿಮೆ ಎರಡೂವರೆ ಯೂನಿಟ್. ನಿನ್ನ ಮಿಷಿನ್ ಒಂದನ್ನೇ ಓಡಿಸಿದರೆ ಏಳು ಗಂಟೆ. ತಿಂಗಳಿಗೊಮ್ಮೆ ಕರೆಂಟ್ ತೆಗೆಯುವ ನಮ್ಮೂರ ಶಟ್‌ಡೌನ್ ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ, ಅದೂ ಏಳು ಗಂಟೆ. ಜೊತೆಗೆ ಒಂದು ಫ್ಯಾನು ಹಾಕಿದರೂ ಆರು ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಆ ದಿನ ಫ್ಯಾನಿಲ್ಲ, ಟಿ.ವಿ. ಇಲ್ಲ, ಹೊಲಿಗೆ ಇಲ್ಲ ಎಂದು ಮೂವರೂ ಕೂತು ತೀರ್ಮಾನಿಸಿದೆವು. ಇದು ನಿನಗಾಗಿ ಮಾಡಿದ ತ್ಯಾಗ ಎಂದು ಕಣ್ಣೀರು ಹಾಕಬೇಡ. ಸಂಘದಲ್ಲಿ ಕಲಿತದ್ದು ಇಷ್ಟೇ: ಇರುವುದು ಕಡಿಮೆಯಾದಾಗ ಯಾರಿಗೆ ಮೊದಲು ಎಂದು ಕೂತು ಮಾತಾಡಬೇಕು. ಅಕಸ್ಮಾತ್ತಿಗೆ ಒಂದು ಸಿಲಿಂಡರ್ ಕೂಡ ಮಂಚದ ಪಕ್ಕ ನಿಂತಿದೆ.

ಇಷ್ಟು ಓದಿ ನೀನು ಏನು ಹೇಳುತ್ತೀಯ ಎಂದು ಗೊತ್ತು. "ಕಾಗ್ದದ್ ಮ್ಯಾಲೆ ಎಲ್ಲಾ ಓಡ್ತೈತೆ ಕಣಮ್ಮಿ." ಕಾರ್ಖಾನೆಯ ಮಾತುಗಳನ್ನೆಲ್ಲ ನಂಬಿ ಕೆಟ್ಟವನು, ನೀನು ಹಾಗೆ ಹೇಳುವುದರಲ್ಲಿ ತಪ್ಪಿಲ್ಲ.

ವಾರ್ಡಿನಲ್ಲಿ ಪಕ್ಕದ ಮಂಚದ ನಾರಾಯಣಪ್ಪ ತಾತನಿಗೆ ನನ್ನ ನಮಸ್ಕಾರ ಹೇಳು. ಮಾತ್ರೆ ನುಂಗು, ದಿಂಬಿನ ಕೆಳಗೆ ಬಚ್ಚಿಡಬೇಡ. ನಿನ್ನ ಉಸಿರು ಹಗುರಾಗಲಿ.

ನಿನ್ನ ಮಗಳು,
ಭಾಗ್ಯಲಕ್ಷ್ಮಿ

ಮತ್ತೆ: ಈ ಕಾಗದ ನಿನಗೆ ತಲುಪಿಸಲು ಧನಪಾಲ್ ಅಣ್ಣ ಬಸ್ಸಿಗೆ ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಶಟ್‌ಡೌನ್ ಇತ್ತು. ನಿನ್ನ ಖಾಲಿ ಮಂಚದ ಪಕ್ಕ ಮಿಷಿನ್ ಓಡಿಸಿ ನೋಡಿದೆವು. ಅವ್ವ ಊಟಕ್ಕೂ ಏಳಲಿಲ್ಲ. ಮೂಗಿಗೆ ಹಾಕುವ ಕೊಳವೆಯನ್ನು ಕೆನ್ನೆಗೆ ಹಿಡಿದುಕೊಂಡು, ಗಾಳಿ ಬರುತ್ತಿದೆಯಾ ಎಂದು ನೋಡುತ್ತ ಒಂಬತ್ತರಿಂದ ಕೂತಿದ್ದಳು. ಕರೆಂಟು ಬಂದಾಗ ನಾಲ್ಕು ಗಂಟೆ ಹತ್ತು ನಿಮಿಷ. ಗಾಳಿ ಇನ್ನೂ ಬರುತ್ತಿತ್ತು. ಗುರುವಾರ ವ್ಯಾನು ತರುತ್ತೇವೆ, ಬಟ್ಟೆ ಮಡಿಸಿಡು.